ಬಾಗಿಲು ಕಾದ ಸಂತ

ನನ್ನ ಅಪ್ಪ ಒಂದು ಶಾಲೆಯಲ್ಲಿ ಪ್ಯೂನ್ ಆಗಿದ್ದರು. ಬೆಳಿಗ್ಗೆ ಗೇಟು ತೆರೆಯುವುದು, ಗಂಟೆ ಹೊಡೆಯುವುದು, ಸಂಜೆ ಕೋಣೆಗಳಿಗೆ ಬೀಗ ಹಾಕುವುದು ಅವರ ಕೆಲಸ. ಮನೆಯಿಂದ ಹೊರಡುವ ಮುನ್ನ ಬೀಗದ ಕೈಗಳ ಗೊಂಚಲನ್ನು ಹಣೆಗೊತ್ತಿಕೊಂಡು ಶಿಲುಬೆಯ ಗುರುತು ಮಾಡುತ್ತಿದ್ದರು. ನಾನೂ ಅದೇ ಶಾಲೆಯಲ್ಲಿ ಓದುತ್ತಿದ್ದೆ. ಅರ್ಜಿಗಳಲ್ಲಿ 'ತಂದೆಯ ಉದ್ಯೋಗ' ಎಂದಿದ್ದ ಕಡೆ 'ಶಾಲಾ ಸಿಬ್ಬಂದಿ' ಎಂದು ಬರೆಯುತ್ತಿದ್ದೆ. ಒಮ್ಮೆ ಅಪ್ಪ ಅದನ್ನು ಓದಿದರು. ಏನೂ ಹೇಳಲಿಲ್ಲ.

ಸಂತ ಅಲ್ಫೋನ್ಸಸ್ ರೊಡ್ರಿಗಸ್ ಅವರ ಚರಿತ್ರೆಯನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಸ್ಪೇನಿನ ಸೆಗೋವಿಯಾದ ಉಣ್ಣೆ ವ್ಯಾಪಾರಿಯ ಮಗ ಅವರು. ತಂದೆಯ ವ್ಯಾಪಾರ ಕೈಗೆ ಬಂತು, ಆದರೆ ನಿಲ್ಲಲಿಲ್ಲ. ಹೆಂಡತಿ, ಮಕ್ಕಳು ತೀರಿಕೊಂಡರು. ನಡುವಯಸ್ಸಿನಲ್ಲಿ ಯೇಸುಸಭೆ ಸೇರಲು ಹೋದರೆ ವಿದ್ಯೆ ಸಾಲದೆಂಬ ತಕರಾರು. ಕೊನೆಗೆ 1571ರಲ್ಲಿ, ಗುರುಪಟ್ಟವಿಲ್ಲದ ಬ್ರದರ್ ಆಗಿ ಸೇರಿಸಿಕೊಂಡು, ಮಜೋರ್ಕಾ ದ್ವೀಪದ ಪಾಲ್ಮಾ ಕಾಲೇಜಿಗೆ ಕಳಿಸಿದರು. ಅಲ್ಲಿ ದಶಕಗಳ ಕಾಲ ಅವರದು ಬಾಗಿಲು ಕಾಯುವ ಕೆಲಸ. ಗಂಟೆಯ ಸದ್ದಾದಾಗಲೆಲ್ಲ, ಹೊರಗೆ ನಿಂತಿರುವುದು ದೇವರೇ ಎಂದುಕೊಂಡು ಎದ್ದು ಹೋಗುತ್ತಿದ್ದರಂತೆ.

ಆ ಕಾಲೇಜಿಗೆ ಪೀಟರ್ ಕ್ಲೇವರ್ ಎಂಬ ತರುಣ ಓದಲು ಬಂದ. ಪಾಠ ಹೇಳುವ ಪಂಡಿತರಿದ್ದರೂ ಅವನ ಬದುಕಿಗೆ ದಾರಿ ತೋರಿಸಿದವರು ಈ ಬಾಗಿಲಿನ ಬ್ರದರ್. ಅವರ ಪ್ರೇರಣೆಯಿಂದ ಆತ 1610ರಲ್ಲಿ ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರಿಗೆ ಹೋಗಿ, ಹಡಗುಗಳಲ್ಲಿ ತಂದಿಳಿಸುತ್ತಿದ್ದ ಆಫ್ರಿಕಾದ ಗುಲಾಮರ ಸೇವೆಯಲ್ಲಿ ಜೀವ ಸವೆಸಿದ. ರೊಡ್ರಿಗಸ್ 1617ರಲ್ಲಿ ತೀರಿಕೊಂಡರು. 1888ರಲ್ಲಿ ಪೋಪ್ 13ನೆಯ ಲಿಯೋ ಗುರುಶಿಷ್ಯರಿಬ್ಬರನ್ನೂ ಒಟ್ಟಿಗೇ ಸಂತರೆಂದು ಘೋಷಿಸಿದರು.

ಅದೇ ಯೇಸುಸಭೆಯವರು ನಮ್ಮ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದದ್ದು 1880ರಲ್ಲಿ. ಅಲ್ಲಿನ ಚಾಪೆಲಿನ ಗೋಡೆ ಮಾಡುಗಳ ತುಂಬ ಚಿತ್ರ ಬರೆದ ಆಂಟೋನಿಯೋ ಮೊಸ್ಕೇನಿ ಇಟಲಿಯಿಂದ ಬಂದವರು. ಅವರೂ ಪಾದ್ರಿಯಲ್ಲ, ಬ್ರದರ್. ಒಬ್ಬರ ಕೈಯಲ್ಲಿ ಬೀಗದ ಕೈ, ಇನ್ನೊಬ್ಬರ ಕೈಯಲ್ಲಿ ಕುಂಚ. ಕುಂಚವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಬೀಗದ ಕೈಯನ್ನು ಯಾರು ನೋಡುತ್ತಾರೆ?

ಬಾಗಿಲು ಕಾದವರನ್ನು ಸಂತರೆಂದು ಸಾರಿದ ಅದೇ ಪೋಪ್, 1891ರಲ್ಲಿ ಕಾರ್ಮಿಕರ ಕುರಿತು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರ ಹೊರಡಿಸಿದರು. ದುಡಿದು ಉಣ್ಣುವುದು ನಾಚಿಕೆಯಲ್ಲ ಎಂಬುದು ಅದರ ಒಂದು ಮಾತು. ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಸಾಲುವಷ್ಟು ಕೂಲಿ ಕೊಡಬೇಕೆಂಬುದು ಇನ್ನೊಂದು. ಎರಡನೆಯದನ್ನು ನುಂಗಿ ಮೊದಲನೆಯದನ್ನಷ್ಟೇ ಉಪದೇಶಿಸುವವರನ್ನು ನಾನು ಕಂಡಿದ್ದೇನೆ. ಅಪ್ಪನ ಸಂಬಳ ತಿಂಗಳ ಇಪ್ಪತ್ತನೆಯ ತಾರೀಕಿಗೆಲ್ಲ ಮುಗಿಯುತ್ತಿತ್ತು. ದುಡಿಮೆ ಪವಿತ್ರ ಎನ್ನುವವರು ದುಡಿದವನ ಅನ್ನದ ತಟ್ಟೆಯನ್ನೂ ನೋಡಬೇಕು.

ನಿವೃತ್ತರಾಗಿ ಜಗಲಿಯಲ್ಲಿ ಕುಳಿತಿರುತ್ತಿದ್ದ ಅಪ್ಪನಿಗೆ ಒಂದು ಸಂಜೆ ರೊಡ್ರಿಗಸರ ಕಥೆ ಹೇಳಿದೆ. ನನ್ನ ಹಳೆಯ ತಪ್ಪಿಗೆ ಅದೇ ಕ್ಷಮಾಪಣೆಯಾಗಲಿ ಎಂಬ ಆಸೆ. ಅಪ್ಪ ಪೂರ್ತಿ ಕೇಳಿ ನಕ್ಕರು.

"ಪಾಪ, ಗಂಟೆ ಕೇಳಿದರೆ ಅವರೇ ಏಳಬೇಕಿತ್ತು. ನನ್ನದು ಹಾಗಲ್ಲ ಪುತಾ. ನಾಲ್ಕು ಗಂಟೆಗೆ ನಾನು ಗಂಟೆ ಹೊಡೆದರೆ ಐನೂರು ಮಕ್ಕಳು ನಗುತ್ತ ಓಡುತ್ತಿದ್ದರು. ಅಷ್ಟು ಜನರನ್ನು ಒಟ್ಟಿಗೆ ನಗಿಸಲು ಹೆಡ್‌ಮಾಸ್ತರರಿಗೂ ಆಗುತ್ತಿರಲಿಲ್ಲ."

ನಾನು ಮುಚ್ಚಿಟ್ಟಿದ್ದ ಕೆಲಸದಲ್ಲಿ ಅಪ್ಪ ದಿನವೂ ಸಂತೋಷಪಟ್ಟಿದ್ದರು.

ಅಪ್ಪ ತೀರಿಕೊಂಡಾಗ ಇಗರ್ಜಿಯ ಕಚೇರಿಯಲ್ಲಿ ಅವರ ವಿವರ ಬರೆದುಕೊಡಲು ಹೇಳಿದರು. ಉದ್ಯೋಗ ಎಂದಿದ್ದ ಕಡೆ, ದೊಡ್ಡ ಅಕ್ಷರದಲ್ಲಿ 'ಶಾಲೆಯ ಪ್ಯೂನ್' ಎಂದು ಬರೆದೆ.