ದಫ್ತರದಲ್ಲಿ ಇಲ್ಲದವರು

ಚರಿತ್ರೆ ಅಂದರೆ ದಫ್ತರ. ದಫ್ತರದಲ್ಲಿ ಹೆಸರಿದ್ದವನು ಇದ್ದ, ಹೆಸರಿಲ್ಲದವನು ಹುಟ್ಟಲೇ ಇಲ್ಲ. ಹೀಗಂತ ನಮಗೆ ಕಲಿಸ್ಯಾರ. ದೇವದುರ್ಗ ತಾಲೂಕಿನ ಮಸರಕಲ್‌ನಂಥ ಊರುಗಳ ಹಳೆಯ ದಫ್ತರ ಬರೆದವರು ಯಾರು? ಗೌಡ, ಕುಲಕರ್ಣಿ, ಅವರ ಮೇಲೆ ನಿಜಾಮನ ತಹಸೀಲ್ದಾರ. ಅವರು ಬರೆದದ್ದು ಹೊಲದ ಅಳತೆ, ಬಾಕಿ, ಜಾತಿ. ಆ ಪುಸ್ತಕದೊಳಗೆ ದಲಿತ ಕೇರಿ ಇದ್ದರೆ ದುಡಿಯುವ ಕೈಯಾಗಿ ಇತ್ತು, ಮನುಷ್ಯರಾಗಿ ಇರಲಿಲ್ಲ. ಇನ್ನು ಗಂಡಸು ಹೆಂಗಸು ಇಬ್ಬರ ಮೇಲೂ ಮನಸ್ಸಾಗುವ ಗಂಡಸು, ಇಬ್ಬರ ಮೇಲೂ ಮನಸ್ಸಾಗುವ ಹೆಂಗಸು ಆ ಪುಸ್ತಕದ ಯಾವ ಸಾಲಿನಲ್ಲಿ ಬರಬೇಕು?

ಗೆಳೆಯರೆ, ಅಂಥವರು ಎಲ್ಲ ಕಾಲಕ್ಕೂ ಇದ್ದರು. ಕೇರಿಯಲ್ಲಿದ್ದರು, ಗೌಡರ ವಾಡೆಯಲ್ಲೂ ಇದ್ದರು. ಅವರಿಗೆ ನಮ್ಮ ನುಡಿಯಲ್ಲಿ ಸರಿಯಾದ ಹೆಸರೂ ಇಲ್ಲ. ಪುಸ್ತಕದವರು 'ದ್ವಿಲಿಂಗಿ' ಅಂತಾರೆ. ಶಾಲೆಯ ಮಾಸ್ತರರಿಗೆ ಗೊತ್ತು, ವಿಜ್ಞಾನದ ಪಾಠದಲ್ಲಿ ಆ ಪದಕ್ಕೆ ಅರ್ಥ ಬೇರೆ: ಒಂದೇ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಇರುವುದು. ನಾವು ಹೇಳುತ್ತಿರುವುದು ಮೈಯ ಮಾತಲ್ಲ, ಮನಸ್ಸಿನ ಮಾತು. ಆದ್ದರಿಂದ ಇಲ್ಲಿ 'ಇಬ್ಬರನ್ನೂ ಪ್ರೀತಿಸುವವರು' ಎಂದೇ ಬರೆಯುತ್ತೇವೆ.

ಮೊದಲು ಕಾನೂನಿನ ಕತೆ ನೋಡೋಣ. ರಾಯಚೂರು ದೋಆಬನ್ನು 1853ರಲ್ಲಿ ನಿಜಾಮ ಕಂಪನಿಯ ಕೈಗೆ ಒಪ್ಪಿಸಿದ. 1860ರಲ್ಲಿ ಅದು ತಿರುಗಿ ನಿಜಾಮನಿಗೆ ಬಂತು. ಅದೇ 1860ರಲ್ಲಿ ಬ್ರಿಟಿಷರು ಭಾರತೀಯ ದಂಡಸಂಹಿತೆ ಮಾಡಿದರು, 1862ರಲ್ಲಿ ಜಾರಿಗೆ ತಂದರು. ಅದರ 377ನೇ ಕಲಮು 'ಪ್ರಕೃತಿಗೆ ವಿರುದ್ಧ'ವಾದ ಸಂಗಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತು. ಪ್ರಕೃತಿ ಯಾವುದು ಎಂದು ಹೇಳಿದವರು ಲಂಡನ್ನಿನ ದೊರೆಗಳು. ನಿಜಾಮನ ಸೀಮೆಗೆ ಅವರ ಸಂಹಿತೆ ನೇರ ಬರಲಿಲ್ಲ, ಅಲ್ಲಿಗೆ ಬೇರೆ ಕಾನೂನಿತ್ತು. 1948ರ ಪೊಲೀಸ್ ಕಾರ್ಯಾಚರಣೆ ಮುಗಿದು, ಗಣರಾಜ್ಯ ಬಂದು, 1951ರಲ್ಲಿ ಪಾರ್ಲಿಮೆಂಟು ದೇಶದ ಕಾನೂನುಗಳನ್ನು ಹೈದರಾಬಾದ್ ಸಂಸ್ಥಾನಕ್ಕೂ ಹಬ್ಬಿಸಿತು. ಆಗ 377 ನಮ್ಮ ಮಾನ್ವಿ, ದೇವದುರ್ಗಕ್ಕೆ ಬಂತು. ಇದು ಎಂಥ ವಿಚಿತ್ರ ನೋಡ್ರಿ! ಉಳಿದವರಿಗೆ ಗುಲಾಮಗಿರಿಯ ಜೊತೆ ಬಂದ ಕಲಮು, ನಮ್ಮ ಸೀಮೆಗೆ ಸ್ವಾತಂತ್ರ್ಯದ ಜೊತೆ ಬಂತು.

ನಿಜಾಮನ ಸರ್ಕಾರವೇನೂ ಕಣ್ಣು ಮುಚ್ಚಿ ಕುಂತಿರಲಿಲ್ಲ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜ್ರಾ ಜನರ ಹೆಸರು, ಮನೆ, ಆಸ್ತಿ ಬರೆಯುವ ದಫ್ತರ ತೆಗೆದಿದ್ದರು. ಅದೇ ಅಚ್ಚಿನಲ್ಲಿ ಹೈದರಾಬಾದ್ ಸರ್ಕಾರ ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಒಂದು ಕಾಯ್ದೆ ಮಾಡಿತು. ಹೆಸರು ಬರೆಸಿಕೊಂಡವರು ಸೀರೆ ಉಟ್ಟು, ಒಡವೆ ಹಾಕಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಆಗ ರಾಯಚೂರು ನಿಜಾಮನದೇ ಜಿಲ್ಲೆ. ತೆಲಂಗಾಣದ ಹೈಕೋರ್ಟು ಈ ಕಾಯ್ದೆಯನ್ನು ಹೊಡೆದು ಹಾಕಿದ್ದು 2023ರಲ್ಲಿ. ನೂರು ವರ್ಷ ದಾಟಿತ್ತು. ಇತ್ತ ನಮ್ಮ ಸರ್ಕಾರ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ ಅದೇ ಹಳೆಯ ದಫ್ತರವನ್ನು ಹೊಸದಾಗಿ ತೆರೆಯಿತು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಆ ಕಲಮಿನಿಂದ ಹಿಜ್ರಾ ಜನರನ್ನು ಸೂಚಿಸುವ ಪದ ಹೋಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ಕಾನೂನುಗಳಿಗೆ ಕಂಡದ್ದು ಎರಡೇ: ಒಂದು ಕೃತ್ಯ, ಇನ್ನೊಂದು ಉಡುಪು. ಉಡುಪು ಕಂಡವರು ಒದೆ ತಿಂದರು. ಧೋತರ ಉಟ್ಟು, ಹೆಂಡತಿ ಮಕ್ಕಳ ಜೊತೆ ಇದ್ದು, ಗೆಳೆಯನನ್ನೂ ಪ್ರೀತಿಸಿದವನು ಪೊಲೀಸರ ಕಣ್ಣಿಗೆ ಬೀಳಲಿಲ್ಲ. ಸೀರೆ ಉಟ್ಟು ಸಂಸಾರ ಮಾಡುತ್ತ ಗೆಳತಿಗಾಗಿ ಹಂಬಲಿಸಿದವಳಂತೂ ಯಾರ ಕಣ್ಣಿಗೂ ಬೀಳಲಿಲ್ಲ. ಹಾಗಾದರೆ ಅವರು ಬಚಾವಾದರು ಅಂತಲೆ? ಹೌದು, ಲಾಠಿಯಿಂದ ಬಚಾವಾದರು. ಅದಕ್ಕೆ ಅವರು ಕೊಟ್ಟ ಬೆಲೆ ಬಾಯಿ. ಬಾಯಿ ಬಿಟ್ಟರೆ ಮನೆ ಹೋಗ್ತದ, ಮಾನ ಹೋಗ್ತದ, ಕೂಲಿಯೂ ಹೋಗ್ತದ.

ಆ ಬಾಯಿಗೆ ಬೀಗ ಹಾಕಿದ್ದು ಪೊಲೀಸ್ ಠಾಣೆಗಿಂತ ಹೆಚ್ಚಾಗಿ ಮದುವೆ. ಮದುವೆಯ ಬೀಗದ ಕೈ ಇರುವುದು ಜಾತಿಯ ಸೊಂಟದಲ್ಲಿ. ಬಾಬಾಸಾಹೇಬರು 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲೇ ಇದನ್ನು ಬಿಡಿಸಿ ತೋರಿಸಿದ್ದರು: ಜಾತಿ ನಿಂತಿರುವುದು ಒಳಮದುವೆಯ ಮೇಲೆ. ಅಂದಮೇಲೆ ಯಾರು ಯಾರನ್ನು ಪ್ರೀತಿಸಬೇಕೆಂಬುದನ್ನು ಜಾತಿ ಕಾಯಲೇಬೇಕು. ಮೇಲ್ಜಾತಿಯ ಹುಡುಗಿ ಕೇರಿಯ ಹುಡುಗನನ್ನು ಮೆಚ್ಚಿದರೆ ಕೊಡಲಿ ಎತ್ತುವ ವ್ಯವಸ್ಥೆ, ಹುಡುಗ ಹುಡುಗನನ್ನು ಮೆಚ್ಚಿದರೆ 'ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ' ಅನ್ನುತ್ತದೆ. ಇಬ್ಬರನ್ನೂ ಪ್ರೀತಿಸುವವನ ಬಗ್ಗೆ ಈ ಮಾತು ಇನ್ನೂ ಸಲೀಸು. 'ಅವನಿಗೆ ಹೆಣ್ಣೂ ಆಗ್ತದಲ್ಲ, ಮತ್ತೇನು ತಕರಾರು?' ಅವನ ಅರ್ಧ ಮನಸ್ಸನ್ನು ಒಪ್ಪಿ, ಉಳಿದ ಅರ್ಧವನ್ನು ಹೂಳುತ್ತಾರೆ. ಆ ಹೂಳಿದ್ದರ ಮೇಲೆ ಸಂಸಾರ ಕಟ್ಟುವವಳು ಅವನ ಹೆಂಡತಿ. ಅವಳಿಗೆ ಯಾರೂ ಏನೂ ಹೇಳಿರುವುದಿಲ್ಲ. ಈ ಅನ್ಯಾಯದಲ್ಲಿ ಅವಳ ಪಾಲನ್ನು ಮರೆತು ನಾವು ಬಿಡುಗಡೆಯ ಮಾತಾಡಬಾರದು. ಅವಳೂ ತನ್ನ ಗೆಳತಿಯನ್ನು ಬಿಟ್ಟು ಬಂದವಳಾಗಿದ್ದರೆ? ಆ ಪ್ರಶ್ನೆಯನ್ನಂತೂ ಊರು ಕೇಳಿಯೇ ಇಲ್ಲ.

'ನಮ್ಮಲ್ಲಿ ಜೋಗಪ್ಪಗಳಿಗೆ ಜಾಗ ಇತ್ತಲ್ಲ' ಎಂದು ಕೆಲವರು ಅಂತಾರೆ. ಇತ್ತು. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದ ಹುಲಿಗಿಯ ಹುಲಿಗೆಮ್ಮನ ಗುಡಿ, ಅತ್ತ ಸವದತ್ತಿಯ ಎಲ್ಲಮ್ಮನ ಗುಡ್ಡ ಆ ಜಾಗ ಕೊಟ್ಟವು. ಜೋಗತಿ ಮಂಜಮ್ಮ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆ ಜಾಗದ ಬೆಲೆ ಏನು? ಮುತ್ತು ಕಟ್ಟಿಸಿಕೊಂಡು ಮನೆ ಬಿಡಬೇಕು, ಪಡ್ಡಲಿಗೆ ಹಿಡಿದು ಬೇಡಬೇಕು. ಅದೇ ದೇವಿಯ ಹೆಸರಿನಲ್ಲಿ ದಲಿತ ಹೆಣ್ಣುಮಕ್ಕಳನ್ನು ದೇವದಾಸಿ ಮಾಡಿದರು. ಅದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆ ಬೇಕಾಯಿತು. ಮೇಲಾಗಿ, ಜೋಗಪ್ಪಳಾಗುವುದು ತಾನು ಯಾರು ಎಂಬ ಪ್ರಶ್ನೆ. ಇಬ್ಬರನ್ನೂ ಪ್ರೀತಿಸುವುದು ತನಗೆ ಯಾರು ಬೇಕು ಎಂಬ ಪ್ರಶ್ನೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ.

'ಇವೆಲ್ಲ ನಗರದ ಹೊಟ್ಟೆ ತುಂಬಿದವರ ಮಾತು, ಚಳವಳಿಗೆ ಯಾಕೆ?' ಎನ್ನುವವರಿಗೆ 1934 ನೆನಪಿಸುತ್ತೇವೆ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 'ಸಮಾಜ ಸ್ವಾಸ್ಥ್ಯ' ಎಂಬ ಪತ್ರಿಕೆ ನಡೆಸುತ್ತಿದ್ದರು. ಓದುಗರು ಕಾಮದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತಿದ್ದರು. ಸಲಿಂಗಪ್ರೀತಿಯ ಪ್ರಶ್ನೆಯೂ ಅದರಲ್ಲಿತ್ತು. ಅಶ್ಲೀಲ ಎಂದು ಮೊಕದ್ದಮೆ ಬಿತ್ತು. ಕರ್ವೆ ಬ್ರಾಹ್ಮಣ ಮನೆತನದವರು. ಅವರ ಪರ ವಾದಿಸಿದ ವಕೀಲರು ಡಾಕ್ಟರ್ ಅಂಬೇಡ್ಕರ್. ಜನ ಕೇಳಿದ್ದಕ್ಕೆ ತಿಳಿದವರು ಉತ್ತರ ಹೇಳುವುದು ಅಶ್ಲೀಲವಲ್ಲ ಎಂಬುದು ಅವರ ವಾದದ ತಿರುಳು. ಮೊಕದ್ದಮೆ ಸೋತಿತು, ಕರ್ವೆ ದಂಡ ಕಟ್ಟಿದರು. ಆದರೆ 1948ರಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹೇಳಿದ ಸಾಂವಿಧಾನಿಕ ನೈತಿಕತೆಯ ಮಾತನ್ನೇ ಹಿಡಿದು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಪ್ರೀತಿಯನ್ನು 377ರ ಹಿಡಿತದಿಂದ ಬಿಡಿಸಿತು. 2009ರಲ್ಲಿ ದೆಹಲಿ ಹೈಕೋರ್ಟು ಬಿಡಿಸಿದ್ದನ್ನು 2013ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಕಟ್ಟಿಹಾಕಿತ್ತು. 2024ರ ಜುಲೈಯಿಂದ ದಂಡಸಂಹಿತೆಯೇ ಬದಲಾಗಿ ಆ ಕಲಮು ಹೋಯಿತು.

ಕರ್ನಾಟಕದಲ್ಲೂ ಹೋರಾಟ ನಡೆದಿದೆ. 1999ರಲ್ಲಿ ಬೆಂಗಳೂರಲ್ಲಿ 'ಸಂಗಮ' ಹುಟ್ಟಿತು. 2001ರಲ್ಲಿ ಪಿಯುಸಿಎಲ್ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ವರದಿ ತಂದಿತು. ಆಮೇಲೆ ಬಂದ 'ಲೆಸ್‌ಬಿಟ್' ಎಂಬ ಗುಂಪು ತನ್ನ ಹೆಸರಿನ ನಡುವೆಯೇ ಇಬ್ಬರನ್ನೂ ಪ್ರೀತಿಸುವ ಹೆಂಗಸರಿಗೆ ಜಾಗ ಇಟ್ಟಿತು. 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂದು, ಸಲಿಂಗಪ್ರೇಮಿಯೊಬ್ಬನ ಬದುಕು ಕನ್ನಡದ ಕತೆಯಾಯಿತು. 2021ರಲ್ಲಿ ಲಿಂಗಾಂತರಿಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿ ಸಿಕ್ಕಿತು. 2011ರ ಜನಗಣತಿ ಕರ್ನಾಟಕದಲ್ಲಿ ಗಂಡು ಹೆಣ್ಣು ಎರಡರಲ್ಲೂ ಸೇರದ 20,266 ಜನರನ್ನು ಎಣಿಸಿತ್ತು. ಇಬ್ಬರನ್ನೂ ಪ್ರೀತಿಸುವವರನ್ನು ಯಾವ ಗಣತಿ ಎಣಿಸಿತು? ಏಡ್ಸ್ ಕಾರ್ಯಕ್ರಮ ಮಾತ್ರ ಅವರ ಹತ್ತಿರ ಹೋಯಿತು, ಅದೂ ರೋಗ ಮನೆಗೆ ತರುವ ಸೇತುವೆ ಎಂದು. ಮನುಷ್ಯನನ್ನು ಸೇತುವೆ ಅಂದವರು ಅವನ ಮೇಲೆ ನಡೆದು ಹೋಗುತ್ತಾರೆ, ಅವನನ್ನು ಮಾತಾಡಿಸುವುದಿಲ್ಲ.

ತಮ್ಮವರೂ ಅವರನ್ನು ಪೂರ್ತಿ ನಂಬುವುದಿಲ್ಲ. 'ಎರಡು ದೋಣಿ ಮ್ಯಾಲೆ ಕಾಲಿಟ್ಟಾನ, ನಾಳೆ ಲಗ್ನ ಆಗಿ ಹೊಂಟು ಹೋಗ್ತಾನ' ಎಂಬ ಗುಮಾನಿ ಒಂದು ಕಡೆ. 'ಇದು ಬರೇ ತೀಟೆ' ಎಂಬ ಬೈಗುಳ ಇನ್ನೊಂದು ಕಡೆ. ಅಮೆರಿಕದ ಆಲ್ಫ್ರೆಡ್ ಕಿನ್ಸೆ 1948ರಲ್ಲೇ ಸಾವಿರಾರು ಗಂಡಸರನ್ನು ಕೇಳಿ, ಸೊನ್ನೆಯಿಂದ ಆರರವರೆಗೆ ಒಂದು ಅಳತೆ ಇಟ್ಟು, ಬಹಳ ಜನ ಎರಡು ತುದಿಗಳ ನಡುವೆ ಇದ್ದಾರೆಂದು ತೋರಿಸಿದ. ಇಬ್ಬರ ಮೇಲೆ ಮನಸ್ಸಾಗುವುದು ಬೇರೆ, ಒಬ್ಬರಿಗೆ ನಿಷ್ಠೆಯಿಂದ ಬದುಕುವುದು ಬೇರೆ. ಹೆಣ್ಣನ್ನು ಮಾತ್ರ ಬಯಸುವ ಗಂಡಸು ಊರ ಹೆಣ್ಣುಗಳಿಗೆಲ್ಲ ಬೀಳುತ್ತಾನೆ ಎಂದು ನಾವು ಹೇಳುತ್ತೇವೆಯೆ?

2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗಿಗಳಿಗೆ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಅಂದರೆ ಇಬ್ಬರನ್ನೂ ಪ್ರೀತಿಸುವವಳು ಗಂಡಸನ್ನು ಆರಿಸಿಕೊಂಡರೆ ಕಾನೂನಿನ ಹೆಂಡತಿ, ಹೆಂಗಸನ್ನು ಆರಿಸಿಕೊಂಡರೆ ಬರೇ ಬಾಡಿಗೆ ಮನೆಯ ಜೊತೆಗಾತಿ. ಮನಸ್ಸು ಒಂದೇ, ಹಕ್ಕು ಎರಡು ತರ. ಸ್ವಂತ ಸಂಬಳ ಇದ್ದವಳು ಹೇಗೋ ಊರು ಬಿಟ್ಟಾಳು. ಮಸರಕಲ್‌ನಂಥ ಊರಿನಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವ ಕೂಲಿಯವಳು ಎಲ್ಲಿಗೆ ಹೋದಾಳು? ಅವಳ ಜೊತೆ ಮನೆತನವೇ ಗುಳೆ ಹೊರಟಿರುತ್ತದೆ.

ಮಾಸ್ತರರೆ, ಕಾರ್ಯಕರ್ತ ಗೆಳೆಯರೆ, ಕೆಲಸ ಇಷ್ಟೆ. ಒಪ್ಪದ ಲಗ್ನಕ್ಕೆ ಹುಡುಗನನ್ನೋ ಹುಡುಗಿಯನ್ನೋ ತಳ್ಳುವ ಪಂಚಾಯ್ತಿಯಲ್ಲಿ ಎದ್ದು ನಿಂತು ಬ್ಯಾಡ ಅನ್ನಬೇಕು. ತರಗತಿಯಲ್ಲಿ ಒಬ್ಬನನ್ನು ಹಂಗಿಸಿ ಉಳಿದವರು ನಕ್ಕರೆ ಆ ನಗು ನಿಲ್ಲಿಸಬೇಕು. ಯಾರಾದರೂ ನಂಬಿ ಬಾಯಿ ಬಿಟ್ಟರೆ ಕೇಳಬೇಕು, ಆ ಮಾತು ಚಹಾದಂಗಡಿಗೆ ಹೋಗದಂತೆ ಕಾಯಬೇಕು. ಅವರ ಹೆಸರು ಬರೆಯುವುದು ಬ್ಯಾಡ, ಹೆಸರು ಬರೆದುಕೊಂಡ ದಫ್ತರಗಳು ಏನು ಮಾಡಿದವೆಂದು ಮೇಲೆ ನೋಡಿದೆವು. ಅವರಾಗಿ ಬರೆಯುವ ದಿನ ಬರಲಿ. ಅಲ್ಲಿಯವರೆಗೆ ಅವರು ಕೂತು ಮಾತಾಡಲು ಒಂದು ಜಾಗ ಮಾಡಿಕೊಡೋಣ.