ಬೂದಿ, ಇದ್ದಿಲು, ಸುಡುಮಣ್ಣು: ಕುಮರಿ ಬೇಸಾಯದ ಚರಿತ್ರೆಗೆ ಒಂದು ಟಿಪ್ಪಣಿ

ಮರ ಸುಟ್ಟಾಗ ಉಳಿಯುವುದಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಉರಿ ಇಳಿದರೂ ಕೆಂಪಗಿರುವುದು ಕೆಂಡ. ಗಾಳಿ ಸಾಲದೆ ಕಪ್ಪಾಗಿ ನಿಂತದ್ದು ಇದ್ದಿಲು. ಪೂರ್ತಿ ಉರಿದು ಬಿಳುಪಾದದ್ದು ಬೂದಿ. ಹೊಗೆಯಿಂದ ಹತ್ತಿದ್ದು ಮಸಿ. ‘ಬೂದಿ ಮುಚ್ಚಿದ ಕೆಂಡ’ ಎಂಬ ನುಡಿಗಟ್ಟನ್ನು ಮನುಷ್ಯರ ಒಳಸಿಟ್ಟಿಗೆ ಬಳಸಿ ಸವೆಸಿದ್ದೇವೆ. ಅದರ ಮೂಲವಾದರೋ ಒಲೆಯ ಮುಂದಿನ ಅನುಭವ: ರಾತ್ರಿ ಕೆಂಡದ ಮೇಲೆ ಬೂದಿ ಎಳೆದರೆ ಗಾಳಿ ತಡೆದು, ಬೆಂಕಿ ಬೆಳಗಿನವರೆಗೆ ಉಳಿಯುತ್ತದೆ. ಜಾನಪದ ಅಧ್ಯಯನಗಳಲ್ಲಿ ಮಾತ್ರ ಈ ಎಲ್ಲವನ್ನೂ ಒಟ್ಟಾಗಿ ‘ಬೂದಿ’ ಎಂದು ಬರೆದುಬಿಡುವ ರೂಢಿಯಿದೆ. ಕುಮರಿಯನ್ನು ಕುರಿತ ನನ್ನ ಮೊದಲ ಟಿಪ್ಪಣಿಗಳಲ್ಲಿ ನಾನೂ ಹಾಗೆಯೇ ಬರೆದಿದ್ದೆ.

ಈ ಅಲಕ್ಷ್ಯದ ಬೆಲೆ ಈಗ ತಿಳಿಯುತ್ತಿದೆ. ಮಣ್ಣಿಗೆ ಸೇರಿಸಲೆಂದೇ ತಯಾರಿಸಿದ ಇದ್ದಿಲನ್ನು ಕೃಷಿವಿಜ್ಞಾನಿಗಳು ‘ಬಯೋಚಾರ್’ ಎನ್ನುತ್ತಾರೆ. ಆ ಪದ ಪ್ರಚಾರಕ್ಕೆ ಬಂದ ಮೇಲೆ, ಪಶ್ಚಿಮ ಘಟ್ಟದ ಕುಮರಿ ಬೇಸಾಯವೇ ನಮ್ಮ ಪ್ರಾಚೀನ ಬಯೋಚಾರ್ ಎಂಬ ಮಾತು ವಿಚಾರ ಸಂಕಿರಣಗಳಲ್ಲಿ ಕೇಳಿಬರುತ್ತಿದೆ. ಕುಮರಿಯನ್ನು ಕಳೆದುಕೊಂಡ ಸಮುದಾಯಗಳ ಪರವಾಗಿ ಹೇಳುವ ಮಾತಾದ್ದರಿಂದ ಅದನ್ನು ಒಪ್ಪಿಕೊಳ್ಳುವ ಆಸೆ ಸಹಜವಾದುದು. ಆದರೆ ಆಧಾರಗಳು ಅದಕ್ಕೆ ಒದಗಿಬರುವುದಿಲ್ಲ. ಬಯೋಚಾರಿನ ಹತ್ತಿರದ ನೆಂಟಸ್ತಿಕೆ ಇರುವುದು ಕರಾವಳಿ ಮತ್ತು ಮಲೆನಾಡಿನ ಸುಡುಮಣ್ಣಿನೊಡನೆ, ಹಾಗೂ ಮನೆಯ ಹಿಂದಿನ ತಿಪ್ಪೆಯೊಡನೆ ಎಂಬುದು ಪ್ರಸ್ತುತ ಲೇಖನದ ವಾದ.

ಬೇಸಿಗೆಯಲ್ಲಿ ಇಳಿಜಾರಿನ ಕಾಡನ್ನು ಕಡಿದು ಒಣಗಿಸಿ, ಮುಂಗಾರಿಗೆ ಮುನ್ನ ಬೆಂಕಿಯಿಟ್ಟು, ಆ ನೆಲದಲ್ಲಿ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ಒಂದೆರಡು ಬೆಳೆ ತೆಗೆದು, ಮತ್ತೆ ಕಾಡು ಬೆಳೆಯಲು ಹಲವು ವರ್ಷ ಬಿಡುವ ಕ್ರಮವೇ ಕುಮರಿ. ತುಳುನಾಡಿನ ಕಡೆ ಇದು ‘ಕುಮೇರಿ’. (ದಕ್ಷಿಣ ಕನ್ನಡದ ಕಂದಾಯ ದಾಖಲೆಗಳಲ್ಲಿ ಬರುವ ‘ಕುಮ್ಕಿ’ ಬೇರೆ, ಅದು ವರ್ಗ ಜಮೀನಿಗೆ ತಾಗಿದ ಸರ್ಕಾರಿ ಭೂಮಿಯ ಮೇಲಿನ ಸವಲತ್ತು. ಎರಡನ್ನೂ ಬೆರೆಸಿ ಬರೆದ ಲೇಖನಗಳನ್ನು ನೋಡಿದ್ದೇನೆ.) ಕುಡುಬಿಯರು, ಮಲೆಕುಡಿಯರು ಈ ಬೇಸಾಯದಿಂದ ಬದುಕಿದವರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದೇ ಬಗೆಯ ಕಾಡುಬೇಸಾಯವಿತ್ತು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಕುಮರಿಯ ಪ್ರಸ್ತಾಪವಿದೆ. 1856ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ಕುಮರಿಯ ಕಟ್ಟಾ ವಿರೋಧಿ. ಬೆಲೆಬಾಳುವ ಮರ ನಾಶವಾಗಿ ಅಲ್ಪ ಫಸಲು ದೊರೆಯುವುದೆಂಬುದು ಆತನ ಆಕ್ಷೇಪ. 1860ರಲ್ಲಿ ಮದರಾಸು ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದ ಕುಮರಿಯನ್ನು ತಡೆಯಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯ ಹೊತ್ತಿಗೆ ಕಾಡಿನ ಹಕ್ಕಿನ ಪ್ರಶ್ನೆ ಬಹುಮಟ್ಟಿಗೆ ಸರ್ಕಾರದ ಪರವಾಗಿ ತೀರ್ಮಾನವಾಗಿತ್ತು. ನಾನು ಓದಿದ ಮಟ್ಟಿಗೆ ಈ ವಾಗ್ವಾದದಲ್ಲಿ ಮರದ ಬೆಲೆಯಿದೆ, ಕಂದಾಯವಿದೆ, ಬೂದಿಯಿದೆ. ಸುಟ್ಟ ಕಾಡಿನ ಮಣ್ಣಿನೊಳಗೆ ಏನು ಉಳಿಯಿತು ಎಂಬ ಪ್ರಶ್ನೆ ಇಲ್ಲ.

ಬೂದಿಯ ಗುಣ ಬೇಗ ಕಾಣುತ್ತದೆ, ಬೇಗ ಮುಗಿಯುತ್ತದೆ. ಅದರಲ್ಲಿ ಸುಣ್ಣದಂಶ, ಪೊಟ್ಯಾಷ್, ಸ್ವಲ್ಪ ರಂಜಕ ಇರುತ್ತವೆ. ಘಟ್ಟದ ಕೆಂಪು ಮುರಕಲ್ಲು ಮಣ್ಣಿನ ಹುಳಿಯನ್ನು ಅದು ತಗ್ಗಿಸುತ್ತದೆ. ಸಾರಜನಕವಾದರೋ ಉರಿಯೊಡನೆ ಗಾಳಿಗೆ ಹೋಗಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಇಳಿಜಾರಿನಲ್ಲಿ ಬೂದಿಯ ಸಾರ ತೊಳೆದುಹೋಗಲು ಬಹಳ ಕಾಲ ಬೇಡ. ಕುಮರಿಯವರು ಎರಡು ಮೂರು ವರ್ಷಕ್ಕೆ ನೆಲ ಬಿಡುತ್ತಿದ್ದುದನ್ನು ಅಲೆಮಾರಿ ಸ್ವಭಾವವೆಂದು ಬಣ್ಣಿಸುವುದು ತಪ್ಪು. ಅದು ಬೂದಿಯ ಲೆಕ್ಕಾಚಾರ. ಬಯಲಿನಲ್ಲಿ ಧಗಧಗನೆ ಉರಿಯುವ ಕಾಡಿನಲ್ಲಿ ಮರದ ಇಂಗಾಲದ ಶೇಕಡಾ ಎರಡು ಮೂರರಷ್ಟು ಮಾತ್ರ ಇದ್ದಿಲಾಗಿ ಉಳಿಯುತ್ತದೆಂದು ಅಮೆಜಾನಿನ ಇಂಥದೇ ಬೇಸಾಯದ ಅಧ್ಯಯನಗಳು ಹೇಳುತ್ತವೆ. ಗಾಳಿ ತಡೆದು ನಿಧಾನವಾಗಿ ಕಾಯಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ ಇದ್ದಿಲಿನಲ್ಲಿ ನಿಲ್ಲುತ್ತದೆ. ಕುಮರಿಗೂ ಬಯೋಚಾರಿಗೂ ಇರುವ ಅಂತರ ಇಷ್ಟು ದೊಡ್ಡದು.

ಇದ್ದಿಲು ಮಣ್ಣಿನಲ್ಲಿ ಶತಮಾನಗಳ ಕಾಲ ಉಳಿಯಬಲ್ಲದೆಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿರುವುದೂ ಅದೇ ಅಮೆಜಾನ್ ಕಣಿವೆಯಲ್ಲಿ. ಅಲ್ಲಿಯ ಮಣ್ಣು ಸಹ ನಮ್ಮ ಘಟ್ಟದ ಮಣ್ಣಿನಂತೆ ಮಳೆಗೆ ತೊಳೆದು ಹುಳಿಯಾದುದು. ಅದರ ನಡುವೆ ಅಲ್ಲಲ್ಲಿ, ಹಳೆಯ ಜನವಸತಿಯ ನೆಲೆಗಳಲ್ಲಿ, ಮಡಕೆ ಚೂರು ಮತ್ತು ಮೀನಿನ ಮುಳ್ಳುಗಳೊಡನೆ ಬೆರೆತ ಕಪ್ಪು ಮಣ್ಣಿದೆ. ಪೋರ್ಚುಗೀಸರ ಮಾತಿನಲ್ಲಿ ಅದು ‘ಟೆರ್ರಾ ಪ್ರೆಟಾ’. ಡಚ್ ಮಣ್ಣುವಿಜ್ಞಾನಿ ವಿಮ್ ಸೋಂಬ್ರೂಕ್ 1966ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಅಕ್ಕಪಕ್ಕದ ಮಣ್ಣಿಗಿಂತ 70 ಪಟ್ಟಿನವರೆಗೂ ಹೆಚ್ಚು ಸುಟ್ಟ ಇಂಗಾಲ ಇದರಲ್ಲಿದೆಯೆಂದು ಬ್ರೂನೋ ಗ್ಲೇಸರ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಇದು ನದಿ ಹೊತ್ತು ತಂದ ಮಣ್ಣೆಂಬ ಮರುವಾದವೂ 2021ರಲ್ಲಿ ಬಂದಿತು. ಜಾನಪದದವರಾದ ನಮಗೆ 2023ರ ಅಧ್ಯಯನವೊಂದು ಹೆಚ್ಚು ಮುಖ್ಯ. ಬ್ರೆಜಿಲಿನ ಮೇಲಣ ಶಿಂಗು ಪ್ರದೇಶದ ಕುಯಿಕುರು ಜನರಲ್ಲಿ ಈ ಕಪ್ಪು ಮಣ್ಣಿಗೆ ‘ಎಗೆಪೆ’ ಎಂಬ ಹೆಸರಿದೆ; ಮನೆಯ ಕಸ, ಮೀನಿನ ಉಳಿಕೆ, ಒಲೆಯ ಬೂದಿ ಮತ್ತು ಇದ್ದಿಲನ್ನು ಗುಡಿಸಿ ರಾಶಿಹಾಕಿ, ಬೆಳೆ ಇಡುವಲ್ಲಿ ಹರಡಿ ಅವರು ಅದನ್ನು ಇಂದಿಗೂ ತಿಳಿದೇ ಮಾಡುತ್ತಾರೆ. ಮಣ್ಣಿನ ಪರೀಕ್ಷೆಯೊಡನೆ ಜನರ ಮಾತನ್ನೂ ದಾಖಲೆಯಾಗಿ ಸ್ವೀಕರಿಸಿದ್ದರಿಂದ ಈ ವಿಷಯ ಹೊರಬಂದಿತು.

ಇನ್ನು ಸುಡುಮಣ್ಣು. ನಮ್ಮ ಮನೆಯ ಹಿತ್ತಿಲಿನಲ್ಲಿ ಪ್ರತಿ ಬೇಸಿಗೆಯಲ್ಲೂ ಇದನ್ನು ಮಾಡುತ್ತಿದ್ದರು. ತರಗೆಲೆ, ಒಣಕಡ್ಡಿ, ತೆಂಗಿನ ಸಿಪ್ಪೆಗಳನ್ನು ಹಾಸಿ, ಮೇಲೆ ಕೆತ್ತಿದ ಹುಲ್ಲುಮಣ್ಣು ಮುಚ್ಚಿ, ಬುಡದಲ್ಲಿ ಬೆಂಕಿ ಕೊಡುವುದು. ಹೊಗೆಯಷ್ಟೇ ಬರಬೇಕು, ಉರಿ ಏಳಬಾರದು. ಎಲ್ಲಿಯಾದರೂ ಉರಿ ಇಣುಕಿದರೆ ಅಲ್ಲಿಗೆ ಒಂದು ಬುಟ್ಟಿ ಮಣ್ಣು. ಮಕ್ಕಳಾದ ನಮಗೆ ವಹಿಸಿದ್ದ ಕೆಲಸ ಇದೇ, ಕಾವಲು. ಹಲವು ದಿನ ಹೀಗೆ ಬೆಂದ ರಾಶಿ ತಣಿದ ಮೇಲೆ ಅದಕ್ಕೆ ಸೆಗಣಿನೀರು ಬೆರೆಸಿ ಅಲಸಂಡೆ, ಹೀರೆ, ಸೌತೆಯ ಗುಳಿಗಳಿಗೆ ಹಾಕುತ್ತಿದ್ದರು. ಖಾಸಿ ಬೆಟ್ಟಗಳ ‘ಬುನ್’ ಬೇಸಾಯದಲ್ಲಿ ಸೊಪ್ಪುಸದೆಯನ್ನು ಮಣ್ಣು ಮುಚ್ಚಿ ಸುಡುವ ಕ್ರಮ ಇದಕ್ಕೆ ತೀರ ಹತ್ತಿರದ್ದು.

ಈ ಕ್ರಮದ ಪ್ರತಿಯೊಂದು ಹಂತಕ್ಕೂ ಇಂದಿನ ವಿಜ್ಞಾನದಲ್ಲಿ ವಿವರಣೆ ಸಿಗುತ್ತದೆ. ಗಾಳಿ ತಡೆದಾಗ ಮರದ ಇಂಗಾಲ ಉಂಗುರಗಳಂಥ ಗಟ್ಟಿ ರಚನೆಯಾಗಿ ಹೆಣೆದುಕೊಳ್ಳುತ್ತದೆ. ಅದನ್ನು ಒಡೆದು ತಿನ್ನುವುದು ಸೂಕ್ಷ್ಮಜೀವಿಗಳಿಗೆ ಕಷ್ಟ. ಹೊಸ ಇದ್ದಿಲಿನಲ್ಲಿ ಸಾರಜನಕ ಅತ್ಯಲ್ಪ. ಅದರಲ್ಲಿರುವ ಸುಲಭದ ಇಂಗಾಲವನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಸೆಳೆದುಕೊಳ್ಳುವುದರಿಂದ ಬೆಳೆ ಕೆಲಕಾಲ ಸೊರಗಲೂಬಹುದು. ಸೆಗಣಿನೀರಿನ ಬೆಲೆ ತಿಳಿಯುವುದು ಇಲ್ಲಿ. ಕಾಲ ಕಳೆದಂತೆ ಇದ್ದಿಲಿನ ಮೈ ಗಾಳಿ ನೀರು ತಾಗಿ ಬದಲಾಗಿ, ಪೊಟ್ಯಾಷ್, ಸುಣ್ಣದಂಥ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಪಡೆಯುತ್ತದೆ. ಬೇಯುವ ರಾಶಿಯಲ್ಲಿ ಕಳೆಬೀಜ, ಬೇರುಹುಳುಗಳೊಡನೆ ಉಪಕಾರಿ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಸೆಗಣಿ ಮತ್ತು ಸುತ್ತಲಿನ ಹಸಿಮಣ್ಣಿನಿಂದ ಅವು ಮರಳುತ್ತವೆ. ಇದ್ದಿಲಿನ ಸಣ್ಣ ರಂಧ್ರಗಳು ಬ್ಯಾಕ್ಟೀರಿಯಾಗಳಿಗೂ ಬೇರಿನೊಡನೆ ಬಾಳುವ ಶಿಲೀಂಧ್ರಗಳಿಗೂ ಆಸರೆಯಾಗುವುದುಂಟು.

ಹಾಗೆಂದು ಸುಡುಮಣ್ಣೇ ಬಯೋಚಾರ್ ಎಂದು ಘೋಷಿಸುವುದು ಇನ್ನೊಂದು ಅವಸರವಾದೀತು. ಅದರಲ್ಲಿ ಇದ್ದಿಲಿಗಿಂತ ಬೆಂದ ಮಣ್ಣಿನ ಪಾಲೇ ಹೆಚ್ಚು. ಮಣ್ಣಿನ ಹಳೆಯ ಸಾವಯವ ಪದಾರ್ಥದ ಒಂದು ಭಾಗವೂ ಆ ಕಾವಿಗೆ ಸುಟ್ಟುಹೋಗುತ್ತದೆ. ಇದ್ದಿಲು ಸಹ ಎಲ್ಲೆಡೆ ಒಂದೇ ಬಗೆಯಲ್ಲಿ ನಡೆದುಕೊಳ್ಳುವುದಿಲ್ಲ. ಉತ್ತರ ಸ್ವೀಡನ್ನಿನ ಕಾಡುಗಳಲ್ಲಿ ಹತ್ತು ವರ್ಷ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದಿಲು ಬೆರೆತ ಎಲೆಗೊಬ್ಬರ ಬೇಗ ಕರಗಿಹೋಯಿತು. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಪ್ರಕಾರ ಬಯೋಚಾರಿನಿಂದ ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇಕಡಾ 25ರಷ್ಟು ಹೆಚ್ಚಿತು; ಸಮಶೀತೋಷ್ಣ ವಲಯದಲ್ಲಿ ಹೆಚ್ಚಳವಿಲ್ಲ. ಹುಳಿಯಾದ, ಸಾರ ಕಡಮೆಯಿರುವ ಮಣ್ಣಿಗೆ ಅದರ ಉಪಕಾರ ಹೆಚ್ಚು.

ಬೆಂಕಿಯ ಬಗೆಯನ್ನು ಗಮನಿಸದಿದ್ದರೆ ಚರಿತ್ರೆ ಹೇಗೆ ದಾರಿತಪ್ಪುವುದೆಂಬುದಕ್ಕೆ ಬಳ್ಳಾರಿ-ರಾಯಚೂರು ಸೀಮೆಯ ಬೂದಿದಿಬ್ಬಗಳೂ ನಿದರ್ಶನ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿಯೆನ್ನುತ್ತಾರೆ. ಅವು ನವಶಿಲಾಯುಗದ ದನಗಾಹಿಗಳು ಸುಟ್ಟ ಸೆಗಣಿಯ ರಾಶಿಗಳೆಂಬುದನ್ನು ರೇಮಂಡ್ ಆಲ್ಚಿನ್ 1957ರ ಉಟ್ನೂರು ಉತ್ಖನನ ಮತ್ತು 1963ರ ಗ್ರಂಥದ ಮೂಲಕ ಸ್ಥಾಪಿಸಿದರು. ಕೆಲವೆಡೆ ಗಾಜಿನಂತೆ ಕರಗಿ ಗಟ್ಟಿಯಾಗುವಷ್ಟು ಪ್ರಖರವಾದ ಉರಿ ಅದು. ಅಷ್ಟು ಗೊಬ್ಬರವಿದ್ದೂ ಅಲ್ಲಿ ಉಳಿದದ್ದು ಬಹುಪಾಲು ಬೂದಿ. ಅಮೆಜಾನಿನ ಬಗೆಯ ಕಪ್ಪು ಮಣ್ಣು ಅಲ್ಲಿ ಹುಟ್ಟಲಿಲ್ಲ.

ಕುಯಿಕುರು ಜನರ ರಾಶಿಗೆ ಸಮನಾದುದನ್ನು ನಮ್ಮಲ್ಲಿ ಹುಡುಕುವುದಾದರೆ ತಿಪ್ಪೆಯ ಬಳಿಗೆ ಹೋಗಬೇಕು. ಬೆಳಿಗ್ಗೆ ಒಲೆ ತೆಗೆದ ಬೂದಿ ಮತ್ತು ಅದರೊಳಗಿನ ಇದ್ದಿಲ ಚೂರು, ಸೆಗಣಿ, ಗಂಜಲ, ಕಸ ಎಲ್ಲವನ್ನೂ ಅಲ್ಲಿಗೆ ಹಾಕುತ್ತಿದ್ದವರು ಮನೆಯ ಹೆಂಗಸರು. ತಿಪ್ಪಣ್ಣ, ತಿಪ್ಪಯ್ಯ ಎಂಬ ಹೆಸರುಗಳ ಮೇಲೆ ನಾವು ಜಾನಪದದವರು ಸಾಕಷ್ಟು ಬರೆದಿದ್ದೇವೆ. ತಿಪ್ಪೆಯಲ್ಲಿ ಏನೇನು ಬೀಳುತ್ತಿತ್ತು, ಯಾವ ಕ್ರಮದಲ್ಲಿ, ಅದು ಯಾವ ಹೊಲಕ್ಕೆ ಹೋಗುತ್ತಿತ್ತು ಎಂಬುದನ್ನು ಅಷ್ಟಾಗಿ ಕೇಳಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಗಳಲ್ಲಿ ಗ್ಯಾಸ್ ಒಲೆ ವೇಗವಾಗಿ ಹರಡಿದೆ. ಹೊಗೆಯಲ್ಲಿ ಕಣ್ಣು ಕಳೆದುಕೊಂಡವರ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಅಂಥ ಮನೆಗಳ ತಿಪ್ಪೆಗೆ ಈಗ ಇದ್ದಿಲು ಬೀಳುತ್ತಿಲ್ಲ, ಮತ್ತು ಅದು ಬೀಳುತ್ತಿದ್ದ ಕಾಲವನ್ನು ನೆನಪಿಟ್ಟಿರುವ ಅಜ್ಜಿಯರು ಇನ್ನೂ ಮಾತಿಗೆ ಸಿಗುತ್ತಾರೆ.