ಸ್ಕ್ರೋಲ್ ಲಾಕ್ ದಾನ ಮಾಡಿದ ಒತ್ತು

ಹೋದ ತಿಂಗಳು ವಿಜಯಪುರದಿಂದ ಅಕ್ಕ ಫೋನ್ ಮಾಡಿದಳು. "ಏನೋ ತಮ್ಮಾ, ಇಂದಾಪುರದಾಗ ಇದ್ದು ಇದ್ದು ಅಕ್ಕ ಅಂತ ಬರಿಯೂದೂ ಮರ್ತೇನು? ಮೇಲ್ ತುಂಬ ಬರೇ ಅಕಕ, ಅಮಮ ಅಂತ ಐತಿ!"

ಅವಳು ನಕ್ಕಳು, ನಾನೂ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಸ್ವಲ್ಪ ಚುಚ್ಚಿತು. ಇಪ್ಪತ್ತಾರು ವರ್ಷದಿಂದ ಈ ಊರಲ್ಲಿದ್ದೇನೆ. ಬಾಗಿಲಾಚೆ ಎಲ್ಲವೂ ಮರಾಠಿ. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ ಮತ್ತು ಈ ಕೀಲಿಮಣೆಯ ಮೇಲೆ. ಅದೂ ಕೈಕೊಟ್ಟರೆ?

ಪರೀಕ್ಷೆ ಮಾಡಿ ನೋಡಿದರೆ ತಪ್ಪು ನನ್ನದಲ್ಲ, ಎಫ್ ಕೀಲಿಯದು. ಮೂರು ಸಲ ಒತ್ತಿದರೆ ಒಂದು ಸಲ ಸುಮ್ಮನಿರುತ್ತಿತ್ತು.

ಎಫ್ ಕೀಲಿಯೇ ಯಾಕೆ ಸವೆಯಿತು ಅನ್ನುವುದಕ್ಕೆ ಒಂದು ಇತಿಹಾಸವಿದೆ. ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸ. ಕರ್ನಾಟಕ ಸರ್ಕಾರ ಮಾನ್ಯ ಮಾಡಿದ್ದೂ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬಂದದ್ದೂ ಅದೇ. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಜಾಣತನ ಅದು. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಎಫ್ ಒತ್ತಬೇಕು: ಕ, ಎಫ್, ಕ ಅಂದರೆ 'ಕ್ಕ'. ಇಂಗ್ಲಿಷಿನಲ್ಲಿ ಎಫ್‌ಗೆ ಅಷ್ಟೇನೂ ಕೆಲಸವಿಲ್ಲ. ಕನ್ನಡದಲ್ಲಿ ಅದು ಮನೆಯ ಹಿರಿ ಸೊಸೆ! "ಇಲ್ಲಿಂದ ನಮ್ಮ ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ?" ಎಂಬ ಒಂದೇ ವಾಕ್ಯಕ್ಕೆ ಐದು ಸಲ ಎಫ್ ಬೇಕು. ಲೆಕ್ಕ ಹಾಕಿ ನೋಡಿ.

ನಮ್ಮ ಪಕ್ಕದ ಮರಾಠಿ ಟೈಪಿಸ್ಟರಿಗೆ ಇದೇ ಕಷ್ಟ ಇನ್ನೊಂದು ಕೀಲಿಯಲ್ಲಿ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಮಾದರಿ ಎಂದು 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಹಲಂತ ಇರುವುದು ಡಿ ಕೀಲಿಯಲ್ಲಿ. ಈ ವಿನ್ಯಾಸವನ್ನು ದೇಶಕ್ಕೆಲ್ಲ ಹರಡಿದ್ದರಲ್ಲಿ 1988ರಲ್ಲಿ ನಮ್ಮ ಪುಣೆಯಲ್ಲೇ ಶುರುವಾದ ಸಿ-ಡ್ಯಾಕ್ ಪಾಲು ದೊಡ್ಡದು. ನನಗೆ ಎಫ್ ಸವೆದರೆ ಅವರಿಗೆ ಡಿ ಸವೆಯುತ್ತದೆ. ಭಾಷೆ ಯಾವುದಾದರೇನು, ಒತ್ತು ಕೊಡುವವನ ಬೆರಳು ನೋಯಲೇಬೇಕು.

ಇನ್ನು ಕೀಲಿಯ ಕೆಳಗಿನ ಕಥೆ. ಟೈಪ್‌ರೈಟರಿನಲ್ಲಿ ಬೆರಳಿಗೂ ಕಾಗದಕ್ಕೂ ನೇರ ಸಂಬಂಧ. ಒತ್ತಿದರೆ ಸರಳು ಎದ್ದು ಹೋಗಿ ರಿಬ್ಬನ್ನಿಗೆ ಹೊಡೆಯಬೇಕು. ಗೋದ್ರೆಜ್ 1955ರಲ್ಲಿ ದೇಶದ ಮೊದಲ ಟೈಪ್‌ರೈಟರ್ ತಯಾರಿಸಿತು, 2009ರಲ್ಲಿ ನಿಲ್ಲಿಸಿತು. ಪುಣೆಯಿಂದ ಬೆಳಗಾವಿಗೆ ಹೋಗುವಾಗ ದಾರಿಯಲ್ಲಿ ಶಿರವಳ ಸಿಗುತ್ತದಲ್ಲ, ಅಲ್ಲಿತ್ತು ಅದರ ಕಾರ್ಖಾನೆ. ಆಮೇಲೆ ಅದನ್ನು ಫ್ರಿಜ್ ತಯಾರಿಕೆಗೆ ತಿರುಗಿಸಿದರು.

ಕಂಪ್ಯೂಟರಿನಲ್ಲಿ ಹೊಡೆಯಲು ಕಾಗದವಿಲ್ಲ. ಎರಡು ಲೋಹದ ತುದಿಗಳು ಕೂಡಿದರೆ ಸಾಕು. ಆದರೂ ಟೈಪಿಸ್ಟರ ಬೆರಳಿಗೆ ಹಳೆಯ ಪೆಟ್ಟಿನ ನೆನಪು ಬೇಕಿತ್ತು. ಅದಕ್ಕೇ ಐಬಿಎಂ 1985ರಲ್ಲಿ ತಂದ ಮಾಡೆಲ್ ಎಂ ಕೀಲಿಮಣೆಯಲ್ಲಿ ಪ್ರತಿ ಕೀಲಿಯಡಿ ಒಂದು ಸ್ಪ್ರಿಂಗು ಬಾಗಿ 'ಟಕ್' ಎನ್ನುತ್ತಿತ್ತು. 1953ರಲ್ಲಿ ಅಮೆರಿಕದಲ್ಲಿ ಶುರುವಾಗಿ ಆಮೇಲೆ ಜರ್ಮನಿಯಲ್ಲಿ ನೆಲೆಯೂರಿದ ಚೆರ್ರಿ ಕಂಪನಿ (ಅದೂ ನಮ್ಮ ಹಾಗೆ ವಲಸೆ ಬಂದದ್ದೇ!) 1980ರ ದಶಕದ ಮೊದಲರ್ಧದಲ್ಲಿ ಎಂಎಕ್ಸ್ ಎಂಬ ಸ್ವಿಚ್ ಮಾಡಿತು. ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಸ್ಪ್ರಿಂಗು, ಅಧಿಕ ಚಿಹ್ನೆಯ ಆಕಾರದ ತಲೆ. ಒಟ್ಟು ಇಳಿಯುವುದು 4 ಮಿಲಿಮೀಟರ್, ಸುಮಾರು ಅರ್ಧ ದಾರಿಯಲ್ಲೇ ಅಕ್ಷರ ಮೂಡುತ್ತದೆ.

ಈ ಸ್ವಿಚ್‌ಗಳನ್ನು ಗುರುತಿಸುವುದು ಬಣ್ಣದಿಂದ. ಕೆಂಪು ನುಣ್ಣಗೆ ಇಳಿಯುತ್ತದೆ, ಸುಮಾರು 45 ಗ್ರಾಂ ಭಾರ ಸಾಕು. ಕಪ್ಪು ಕೂಡ ನುಣುಪೇ, ಆದರೆ 60 ಗ್ರಾಂ ಕೇಳುತ್ತದೆ. ಕಂದು ನಡುವೆ ಸಣ್ಣ ತಡೆ ಕೊಡುತ್ತದೆ, ಸದ್ದು ಮಾಡುವುದಿಲ್ಲ. ನೀಲಿ ತಡೆಯನ್ನೂ ಕೊಟ್ಟು ಕ್ಲಿಕ್ ಎಂದು ಹೇಳಿಯೂ ಹೇಳುತ್ತದೆ. ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಕೈಗೆ ನೀಲಿಯೇ ಹಿತ. ಸದ್ದು ಕೇಳಿದೊಡನೆ ಬೆರಳು ಎತ್ತಬಹುದು, ತಳ ಮುಟ್ಟಬೇಕಿಲ್ಲ. ರಾತ್ರಿ ಮನೆಯವರು ಮಲಗಿದ ಮೇಲೆ ಬರೆಯುವವರು ಮಾತ್ರ ಕೆಂಪು ಅಥವಾ ಕಂದು ತೆಗೆದುಕೊಳ್ಳುವುದು ಸಂಸಾರಕ್ಕೆ ಕ್ಷೇಮ.

ಮುಂದೆ ರಬ್ಬರ್ ಹಾಳೆಯ ಅಗ್ಗದ ಕೀಲಿಮಣೆಗಳು ಬಂದು ಇವೆಲ್ಲ ಮೂಲೆಗೆ ಸರಿದವು. ಆದರೆ ನಮ್ಮ ದೇಶದ ಬ್ಯಾಂಕು, ಕಚೇರಿಗಳಲ್ಲಿ ಒಂದು ಉಳಿದುಕೊಂಡಿತು, ಟಿವಿಎಸ್ ಗೋಲ್ಡ್. ಅದರ ಹೊಟ್ಟೆಯಲ್ಲಿದ್ದದ್ದು ಕ್ಲಿಕ್ ಎನ್ನುವ ಚೆರ್ರಿ ಸ್ವಿಚ್. ಟಿವಿಎಸ್ ಎಲೆಕ್ಟ್ರಾನಿಕ್ಸ್‌ಗೆ ನಮ್ಮ ತುಮಕೂರಿನಲ್ಲೂ ಕಾರ್ಖಾನೆ ಇದೆ ಎಂದು ತಿಳಿದಾಗ ನನಗೆ ವಿನಾಕಾರಣ ಹೆಮ್ಮೆಯಾಗಿತ್ತು. ನನ್ನದೂ ಅದೇ ಗೋಲ್ಡ್, ಹಳೆಯದು.

2010ರ ದಶಕದಲ್ಲಿ ಚೆರ್ರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಕೈಲ್, ಗೇಟರಾನ್, ಔಟೆಮು ಅದೇ ಆಕಾರದ ಸ್ವಿಚ್ ಮಾಡಿ ಬೆಲೆ ಇಳಿಸಿದವು. ಈಗಂತೂ ಸ್ವಿಚ್ಚನ್ನು ಬಲ್ಬಿನ ಹಾಗೆ ಕಿತ್ತು ಬದಲಿಸುವ ಸಾಕೆಟ್ಟುಗಳೇ ಬಂದಿವೆ. ಒಂದೇ ಎಚ್ಚರ: ಕೆಲವು ಸ್ವಿಚ್‌ಗಳಿಗೆ ಎರಡು ಲೋಹದ ಕಾಲಿನ ಜೊತೆ ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಕಾಲು ಹೆಚ್ಚಿಗೆ ಇರುತ್ತವೆ. ಬೋರ್ಡಿನಲ್ಲಿ ಅದಕ್ಕೆ ತೂತು ಇಲ್ಲದಿದ್ದರೆ ಅವೆರಡನ್ನು ಕತ್ತರಿಸಿ ಕೂರಿಸಬೇಕು. ಲೋಹದ ಕಾಲು ಬಾಗದಂತೆ ನೇರಕ್ಕೆ ಒತ್ತಬೇಕು.

ನನ್ನದು ಹಾಗಲ್ಲ, ಬೆಸುಗೆ ಹಾಕಿದ್ದು. ಮಗ ಆನ್‌ಲೈನಿನಲ್ಲಿ ಹೊಸದು ತರಿಸೋಣ ಅಂದ. ನನಗೆ ಮನಸ್ಸಾಗಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಟಿವಿ ರಿಪೇರಿ ಮಾಡುವ ಹುಡುಗನ ಬಳಿ ಒಯ್ದೆ. ಅವನು ತಿರುಗಿಸಿ ನೋಡಿ, "ಕಾಕಾ, ಯಾವ ಕೀಲಿ ನೀವು ಮುಟ್ಟುವುದೇ ಇಲ್ಲ?" ಎಂದು ಮರಾಠಿಯಲ್ಲಿ ಕೇಳಿದ. ಯೋಚಿಸಿ ಹೇಳಿದೆ: ಸ್ಕ್ರೋಲ್ ಲಾಕ್! ಇಷ್ಟು ವರ್ಷದಲ್ಲಿ ಅದನ್ನು ಒತ್ತಿದ ನೆನಪೇ ಇಲ್ಲ. ಅವನು ಎರಡೂ ಸ್ವಿಚ್‌ಗಳ ಬೆಸುಗೆ ಕರಗಿಸಿ, ಸೀಸ ಹೀರಿ ತೆಗೆದು, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಕೂರಿಸಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಮುಗಿದಿತ್ತು.

ಅಲ್ಲೇ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ, ಎ, ಕೆ, ಎಫ್, ಕೆ ಒತ್ತಿದೆ. ಅವನ ಕಂಪ್ಯೂಟರಿನಲ್ಲಿ ಕನ್ನಡ ಎಲ್ಲಿಂದ ಬರಬೇಕು? ಇಂಗ್ಲಿಷ್ ಅಕ್ಷರಗಳೇ ಬಂದವು. ಆದರೆ ಎಫ್ ತಪ್ಪದೇ ಬಂತು, ಹತ್ತು ಸಲವೂ. ಮನೆಗೆ ಬಂದು ಮೊದಲು ಬರೆದದ್ದು ಅಕ್ಕನಿಗೆ, ಎರಡೇ ಸಾಲು. ಅವಳಿಂದ ಉತ್ತರ ಬಂತು: "ಈಗ ಅಕ್ಕ ಆದೆ ನೋಡು."

ನಿಮ್ಮ ಅಟ್ಟದ ಮೇಲೂ ಒಂದು ಹಳೆಯ ಕೀಲಿಮಣೆ ಧೂಳು ತಿನ್ನುತ್ತಿರಬಹುದು. ಎಸೆಯುವ ಮುಂಚೆ ಅದರ ಸ್ಕ್ರೋಲ್ ಲಾಕ್ ಒಮ್ಮೆ ಒತ್ತಿ ನೋಡಿ.